ಮೊಟ್ಟೆ ಇಡದ ಹುಳುಗಳ ಸಾಕಣೆ

ಬ್ಯಾಂಕಿನಲ್ಲಿ ಕೆಲಸ ಎಂದರೆ ಜನ ಸಾಲದ ಮಾತು ತೆಗೆಯುತ್ತಾರೆ, ಮೇಷ್ಟ್ರು ಎಂದರೆ ಮಗನ ಮಾರ್ಕ್ಸಿನ ವಿಷಯ ಎತ್ತುತ್ತಾರೆ. ಹುಳು ಸಾಕುತ್ತೇನೆ ಎಂದರೆ ಮಾತ್ರ, ಅದುವರೆಗೆ ಕುಲುಕುತ್ತಿದ್ದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. ರೇಷ್ಮೆ ಹುಳುವಾಗಿದ್ದರೆ ಒಂದು ಸೀರೆಯಾದರೂ ದಕ್ಕುತ್ತಿತ್ತು ಎಂದು ನನ್ನ ಹೆಂಡತಿ ವಿಮಲಾಳ ತಕರಾರು. ನಾನು ಸಾಕುತ್ತಿದ್ದುದು ದುಂಡುಹುಳು. ಮಣ್ಣಿನಲ್ಲಿರುವ, ಬರಿಗಣ್ಣಿಗೆ ಸರಿಯಾಗಿ ಕಾಣಿಸಲೂ ಒಪ್ಪದ ಪ್ರಾಣಿ. ಎಂಬತ್ತರ ದಶಕದ ಮೊದಲಲ್ಲಿ ಗದಗಿನ ಕಡೆಯಿಂದ ಬಂದು ಬಾಗಲಗುಂಟೆಯಲ್ಲಿ ಮನೆ ಹಿಡಿದವನು ನಾನು. ಯಶವಂತಪುರದಲ್ಲಿ ಬಸ್ಸು ಬದಲಿಸಿ ಹೆಬ್ಬಾಳದ ಒಂದು ಪ್ರಯೋಗಶಾಲೆಗೆ ಹೋಗಿ, ದಿನವಿಡೀ ಈ ಹುಳುಗಳ ಬಾಣಂತನ ಮಾಡಿ ಬರುವುದು ನನ್ನ ಉದ್ಯೋಗವಾಗಿತ್ತು.

ಬಾಣಂತನ ಎಂದದ್ದು ಬರೀ ತಮಾಷೆಗಲ್ಲ. ಕ್ಯಾನ್ಸರಿಗೆ ಕೊಡುವ, ಪ್ಲಾಟಿನಂ ಇರುವ ಒಂದು ಔಷಧಿಯನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಹುಳುಗಳಿಗೆ ಉಣಿಸಿ, ಆಮೇಲೆ ಅವು ಎಷ್ಟು ಮೊಟ್ಟೆ ಇಡುತ್ತವೆ, ಎಷ್ಟು ಮರಿಯಾಗುತ್ತವೆ ಎಂದು ಎಣಿಸುವುದು ನಮ್ಮ ಕೆಲಸ. ಔಷಧಿ ಕಾಣದ ಹುಳುವಿಗೆ ನಮ್ಮೂರಿನ ಹಳೇ ಮನೆತನಗಳ ಹಾಗೆ ತಟ್ಟೆ ತುಂಬಾ ಮಕ್ಕಳು. ಔಷಧಿ ಕಂಡದ್ದಕ್ಕೆ ಮೊಟ್ಟೆ ಕಡಿಮೆ, ಇಟ್ಟವೂ ಎಷ್ಟೋ ಒಡೆಯುವುದಿಲ್ಲ. ಔಷಧಿ ಜಾಸ್ತಿಯಾದರೆ ಮೊಟ್ಟೆಯೇ ಇಲ್ಲ. ಇನ್ನು ಕೆಲವು ಹುಳುಗಳನ್ನು ಅರೆದು, ಕೊಳವೆಗೆ ತುಂಬಿ, ಯಾವ ಜೀನು ಚುರುಕಾಗಿದೆ, ಯಾವುದು ಸುಮ್ಮನಾಗಿದೆ ಎಂದು ನೋಡಲು ದೊಡ್ಡ ಪ್ರಯೋಗಶಾಲೆಗೆ ಕಳಿಸುತ್ತಿದ್ದೆವು. ಅಲ್ಲಿಂದ ಬರುತ್ತಿದ್ದ ಸಮಾಚಾರ ಹೆಚ್ಚುಕಡಿಮೆ ಒಂದೇ: ಔಷಧಿ ಒಳಗೆ ಹೋದೊಡನೆ ರಿಪೇರಿ ಕೆಲಸದ ಜೀನುಗಳು ಎದ್ದು ಓಡಾಡುತ್ತವೆ, ಮೊಟ್ಟೆಯ ಕೆಲಸದವು ಮಲಗಿಬಿಡುತ್ತವೆ. "ಮನೆಗೆ ಬೆಂಕಿ ಬಿದ್ದಿರೋವಾಗ ಯಾರ್ರೀ ತೊಟ್ಟಿಲು ಕಟ್ತಾರೆ?" ಎನ್ನುತ್ತಿದ್ದರು ನಮ್ಮ ಸಾಹೇಬರು. ಎಣಿಕೆಯಲ್ಲಿ ಸೊನ್ನೆ ಬಂದ ತಟ್ಟೆಗಳನ್ನು ಫಿನಾಯಿಲ್ ಬಕೆಟ್ಟಿಗೆ ಸುರಿದು ಮುಂದಿನ ತಟ್ಟೆ ತೆಗೆಯುವುದು ಪದ್ಧತಿ. ಮೊಟ್ಟೆ ನಿಂತ ಹುಳುವಿನಿಂದ ವಿಜ್ಞಾನಕ್ಕೆ ಆಗಬೇಕಾದ್ದೇನೂ ಇರಲಿಲ್ಲ.

ಹೀಗಿರುವಾಗ ನನಗೇ ಒಂದು ಗಂಟು ಕಾಣಿಸಿಕೊಂಡಿತು. ಅದೂ ಎಲ್ಲಿ? ಗಂಡಸರು ಡಾಕ್ಟರ ಹತ್ತಿರವೂ ಬಾಗಿಲು ಹಾಕಿಕೊಂಡು ಹೇಳುವ ಜಾಗದಲ್ಲಿ. ಆಪರೇಷನ್ ಆಯಿತು. ಆಮೇಲೆ ಡಾಕ್ಟರು ಚೀಟಿಯಲ್ಲಿ ಔಷಧಿ ಬರೆದರು. ಹೆಸರು ಓದಿದೆ. ಮೊದಲು ನಗು ಬಂತು, ಆಮೇಲೆ ಅಳು. ನಾನು ಹುಳುಗಳಿಗೆ ಉಣಿಸುತ್ತಿದ್ದುದೇ ಅದು. ಡ್ರಿಪ್ ಹಾಕಿಸಿಕೊಂಡು ಮಲಗಿದಾಗ, ಯಾರೋ ನನಗೂ ಒಂದು ನಂಬರು ಕೊಟ್ಟು ಮೇಲಿನಿಂದ ಬಗ್ಗಿ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ನಮ್ಮ ವಂಶದಲ್ಲಿ ಯಾರ ಮೈಮೇಲೂ ಇರದ ಪ್ಲಾಟಿನಂ ನನ್ನ ಮೈಯೊಳಗೆ ಹೋಯಿತು. ಬದುಕಿದೆ. ರಿಪೇರಿ ಜೀನುಗಳು ಚೆನ್ನಾಗಿಯೇ ಓಡಾಡಿರಬೇಕು. ಮಲಗಿದವು ಮಾತ್ರ ಏಳಲಿಲ್ಲ. ಕೆಲವು ವರ್ಷ ಕಾದು ಮಾಡಿಸಿದ ಪರೀಕ್ಷೆಯಲ್ಲಿ ನನ್ನದೂ ಸೊನ್ನೆ. ನಮಗೆ ಮಗು ಬೇಕಿತ್ತು. ತುಂಬಾ ಬೇಕಿತ್ತು.

ಊರಲ್ಲಿದ್ದ ಅವ್ವನಿಗೆ ನನ್ನದು ಕ್ಯಾನ್ಸರ್ ಎಂದು ಹೇಳಿರಲಿಲ್ಲ. "ಅತ್ತಿ ಎದಿ ಒಡಕೋತಾರ, ಬ್ಯಾಡ್ರಿ" ಎಂದು ವಿಮಲಾಳೇ ತಡೆದಿದ್ದಳು. ಹರ್ನಿಯಾ ಎಂದಿದ್ದೆವು. ಹರ್ನಿಯಾಕ್ಕೂ ಮಕ್ಕಳಿಗೂ ಯಾರೂ ಸಂಬಂಧ ಕಲ್ಪಿಸಲಿಲ್ಲವಾದ್ದರಿಂದ, ಮಕ್ಕಳಾಗದ ಹೊಣೆ ತಾನಾಗಿಯೇ ವಿಮಲಾಳ ಹೆಗಲಿಗೆ ಬಂತು. ಅವ್ವ ಬಂದಾಗಲೆಲ್ಲ ಒಂದು ತಾಯಿತ, ಒಂದು ಹರಕೆ, ಅರಳಿಮರದ ಪ್ರದಕ್ಷಿಣೆ. ನಮ್ಮ ಮನೆ ಒಡತಿ ಮುನಿಯಮ್ಮ ಬೇರೆ, "ಯಾಕಮ್ಮಾ ಇನ್ನೂ ಇಂಗೇ ಇದ್ದೀಯ? ಒಂದ್ಕಿತ ನಾಟಿ ಔಸ್ದಿ ತಕೊಂಡ್ ನೋಡು" ಎಂದು ಪ್ರೀತಿಯಿಂದ ಕಹಿ ಕಷಾಯ ಕಾಯಿಸಿ ತಂದರು. ವಿಮಲಾ ಮುಖ ಸಿಂಡರಿಸದೆ ಕುಡಿದಳು. ಕಾಯಿಲೆ ನನ್ನದು, ಕಷಾಯ ಅವಳಿಗೆ.

ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ಅವಳಿಗೆ ಹುಳುಗಳ ಉದಾಹರಣೆ ಸಮೇತ ದೊಡ್ಡ ಉಪನ್ಯಾಸ ಕೊಟ್ಟೆ. ದುಃಖವಾದಾಗ ಪಾಠ ಮಾಡುವುದು ನನ್ನ ಕೆಟ್ಟ ಚಟ. ಅವಳು ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡು, "ಅಲ್ರೀ, ತತ್ತಿ ಇಡೂದು ನಿಂತ ಮ್ಯಾಲ ಆ ಹುಳ ಏನ್ ಮಾಡ್ತಾವು?" ಎಂದಳು. ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಂದನ್ನೂ ಮುಂದಕ್ಕೆ ನೋಡಿರಲಿಲ್ಲ. ಬಕೆಟ್ಟಿನ ಮಾತು ಎತ್ತದೆ ನಾನೂ ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಸುಲಿಯತೊಡಗಿದೆ.

ಮರುದಿನದಿಂದ ಸೊನ್ನೆಯ ತಟ್ಟೆಗಳನ್ನು ಎಸೆಯುವುದು ಬಿಟ್ಟೆ. "ಏನ್ರೀ ಇದು, ಕೌಂಟ್ ಮುಗೀತಲ್ಲ, ಇನ್ನೂ ಯಾಕ್ ಇಟ್ಕೊಂಡಿದ್ದೀರಾ? ಜಾಗ ಇಲ್ಲ ಕಣ್ರೀ" ಎಂದರು ಸಾಹೇಬರು. "ಇರ್ಲಿ ಸಾರ್, ಒಂದ್ ಮೂಲೇಲಿ ಇದ್ಕೋತವೆ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಮೂಲೆಯ ಶೆಲ್ಫು ಖಾಲಿ ಮಾಡಿಸಿಕೊಟ್ಟರು. ಜೊತೆಯವರು ಅದಕ್ಕೆ ವೃದ್ಧಾಶ್ರಮ ಎಂದು ಹೆಸರಿಟ್ಟರು. ಒಂದು ಭಾನುವಾರ ವಿಮಲಾಳನ್ನು ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಹುಳುಗಳು ಬಳುಕುತ್ತಾ, ಮೇಯುತ್ತಾ, ಬೇಸರ ಬಂದರೆ ತಿರುಗಿ ಬೇರೆ ಕಡೆ ಹೊರಡುತ್ತಾ ತಮ್ಮ ಪಾಡಿಗೆ ಇದ್ದವು. ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದರಾಗ ಹೆಣ್ಣು ಯಾವುದ್ರೀ, ಗಂಡು ಯಾವುದು?" ಎಂದಳು.

"ಇವುಗಳಲ್ಲಿ ಎರಡೂ ಒಂದೇ ಮೈಯಲ್ಲಿರುತ್ತವೆ" ಎಂದೆ, ಇನ್ನೊಂದು ಪಾಠಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಾ.

"ಛಲೋ ಆತು ಬಿಡ್ರಿ. ಒಬ್ಬರ ಕೊರತಿ ಇನ್ನೊಬ್ಬರ ತಲಿ ಮ್ಯಾಲ ಬರೂದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು; ನಾನು ಅವಳ ತೋಳಿನ ತಾಯಿತಗಳನ್ನು ನೋಡುತ್ತಿದ್ದೆ. ಇಷ್ಟು ದಿನ ಅವನ್ನು ನಾನು ಕಂಡೇ ಇರಲಿಲ್ಲ.

ಮುಂದಿನ ಸಲ ಅವ್ವ ನಮ್ಮಲ್ಲಿಗೆ ಬಂದು ಊರಿಗೆ ಹೊರಟಾಗ ಯಶವಂತಪುರ ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಗಂಟು, ಔಷಧಿ, ಪರೀಕ್ಷೆ, ಕೊರತೆ ನನ್ನದೇ ಎಂಬುದು, ಯಾವುದನ್ನೂ ಬಿಡಲಿಲ್ಲ. ಹುಳುಗಳ ವಿಷಯ ಮಾತ್ರ ಬಿಟ್ಟೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ನನ್ನ ತಲೆ ಸವರಿದಳು, ಆಮೇಲೆ ಕೇಳಿದಳು: "ಇಷ್ಟೆಲ್ಲಾ ಹೇಳು ಅಂತ ಅಕೀನ ಕಲಿಸಿ ಕಳಿಸ್ಯಾಳೇನು?"

ಇಲ್ಲ ಅವ್ವಾ ಎಂದೆ, ಆಣೆ ಮಾಡಿದೆ. ಆಪರೇಷನ್ನಿನ ಗುರುತು ತೋರಿಸೋಣವೆಂದರೆ ಅದು ಪ್ಲಾಟ್‌ಫಾರ್ಮಿನಲ್ಲಿ ತೋರಿಸುವ ಜಾಗವಲ್ಲ. ಅಷ್ಟರಲ್ಲಿ ಹುಬ್ಬಳ್ಳಿ ಗಾಡಿ ಬಂತು. ಹತ್ತಿ ಕೂತ ಮೇಲೂ ಕಿಟಕಿಯಿಂದ ಕೈಚಾಚಿ ಅವ್ವ ನನ್ನ ಗಲ್ಲ ಹಿಡಿದು, "ಭಾಳ ಒಳ್ಳೆಯಾಂವ ಅದೀಯಪ್ಪಾ ನೀ" ಎಂದಳು.

ಊರು ಮುಟ್ಟಿದ್ದೇ ತಡ, ಸುದ್ದಿ ನೆಂಟರಿಷ್ಟರಲ್ಲೆಲ್ಲ ಹಬ್ಬಿತು: ಹೆಂಡತಿಯ ಕೊರತೆ ಮುಚ್ಚಲು, ಇಲ್ಲದ ಕಾಯಿಲೆ ತನಗಿತ್ತೆಂದು ಹೇಳಿಕೊಂಡು ತಿರುಗುವ ಬಂಗಾರದಂಥ ಮಗ. ಈಗ ಯಾವ ಮದುವೆಗೆ ಹೋದರೂ ಹಿರಿಯರು ನನ್ನ ಬೆನ್ನು ತಟ್ಟುತ್ತಾರೆ. ಮೊನ್ನೆ ಒಬ್ಬರು ವಿಮಲಾಳನ್ನು ಹತ್ತಿರ ಕರೆದು, "ಇಂಥಾ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕವ್ವಾ" ಎಂದರು. ಅವಳು "ಹೌದ್ರಿ" ಎಂದು ಬಗ್ಗಿ ಅವರ ಕಾಲು ಮುಟ್ಟಿದಳು. ಪಕ್ಕದಲ್ಲೇ ಇದ್ದ ನಾನು, ಹಾಗಲ್ಲ ಎನ್ನಲು ಬಾಯಿ ತೆರೆದೆ. ಹೇಳಿದರೆ ಇನ್ನೂ ಒಳ್ಳೆಯವನಾಗಿಬಿಡುತ್ತೇನೆಂದು ಹೆದರಿ ಮುಚ್ಚಿಕೊಂಡೆ.