ಮೂರು ಉಪವಾಕ್ಯಕ್ಕೇ ಸುಸ್ತಾದ ಇಂಗ್ಲಿಷ್ ಪರೀಕ್ಷಕ ಯಂತ್ರಕ್ಕೆ

ಶ್ರೀಯುತ ವಾಕ್ಯಪರೀಕ್ಷಕ ತಂತ್ರಾಂಶದವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಮಂಡ್ಯದ ಗುತ್ತಲು ಬಡಾವಣೆಯಲ್ಲಿ ವಾಸವಾಗಿರುವ, ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾಗಿರುವ ಮರಿಸಿದ್ದಯ್ಯನ ಅನಂತ ನಮಸ್ಕಾರಗಳು. ಗಳಿಗೆಗೊಮ್ಮೆ ಕರೆಂಟು ಹೋಗುವ ಈ ಬೇಸಿಗೆಯಲ್ಲೂ ತಮ್ಮ ಆರೋಗ್ಯ ಕೆಟ್ಟಿಲ್ಲವೆಂದು ತಿಳಿದು ಹೃದಯ ತುಂಬಿ ಬಂತು. ತಾವು ನನ್ನನ್ನು ಗುರುತು ಹಿಡಿಯಲಾರಿರಿ. ಆದರೂ ತಾವು ಹುಟ್ಟುವ ಕಾಲದಲ್ಲಿ ತಮ್ಮ ಹೊಟ್ಟೆಗೆ ಇಂಗ್ಲಿಷ್ ವ್ಯಾಕರಣದ ನಿಯಮಗಳನ್ನು ಒಂದೊಂದಾಗಿ ಉಣಿಸಿದ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ.

ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ವಾಕ್ಯ ಸಿಕ್ಕಿದ ಕೂಡಲೇ ಬೇರು ಮೇಲೆ, ಕೊಂಬೆ ಕೆಳಗೆ ಇರುವ ಒಂದು ಮರದ ಚಿತ್ರ ಬರೆದು, ಪ್ರಧಾನ ವಾಕ್ಯ ಯಾವುದು, ಅದಕ್ಕೆ ಅಧೀನವಾಗಿ 'ಹೂ' ಎಂದೋ 'ದಟ್' ಎಂದೋ 'ಬಿಕಾಸ್' ಎಂದೋ ಶುರುವಾಗುವ ಉಪವಾಕ್ಯ ಯಾವುದು ಎಂದು ತಾವು ಬಿಡಿಸಿ ತೋರಿಸುವ ವೇಗ ನನಗಂತೂ ಈ ಜನ್ಮದಲ್ಲಿ ಬರಲಿಲ್ಲ. ನಾನು ಕಪ್ಪುಹಲಗೆಯ ಮೇಲೆ ಅಷ್ಟು ಮಾಡುವುದರೊಳಗೆ ಬೆಲ್ಲು ಹೊಡೆಯುತ್ತಿತ್ತು. ಇಂಥ ತಮ್ಮನ್ನು ಶಿಕ್ಷಕರ ಇಂಗ್ಲಿಷ್ ಅರ್ಹತಾ ಪರೀಕ್ಷೆಯ ಮೌಲ್ಯಮಾಪಕರನ್ನಾಗಿ ನೇಮಿಸಿದ ದಿನ ನಾನು ಮನೆಯಲ್ಲಿ ಪಾಯಸ ಮಾಡಿಸಿದ್ದೆ. ಈಗ ಆ ಪಾಯಸ ನೆನೆದರೆ ಹೊಟ್ಟೆ ಉರಿಯುತ್ತದೆ.

ಕಾರಣ, ನಾಗಶ್ರೀ. ಈಕೆ ಬೆಸಗರಹಳ್ಳಿಯವಳು, ನನ್ನ ಹಳೆಯ ವಿದ್ಯಾರ್ಥಿನಿ. ದಿನಾ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ, ಮಳವಳ್ಳಿಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿ ಏಳನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಾಳೆ. ತಮ್ಮ ಪರೀಕ್ಷೆ ಪಾಸಾದರೆ ಜೂನ್‌ನಿಂದ ಮತ್ತೆ ಕೆಲಸ, ಇಲ್ಲದಿದ್ದರೆ ಮನೆ. ನಿಮ್ಮ ಬದುಕು ಬದಲಿಸಿದ ಒಬ್ಬರ ಬಗ್ಗೆ ಬರೆಯಿರಿ ಎಂದು ತಾವು ಕೇಳಿದ್ದಿರಿ. ಅವಳು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದ ಮೊದಲ ವಾಕ್ಯದ ಸಾರಾಂಶ ಇಷ್ಟು: ನಮ್ಮ ಶಾಲೆ ಎದ್ದು ನಿಂತ ಜಾಗವನ್ನು ಕೊಟ್ಟ ಕರಿಯಪ್ಪನವರು ನಡೆಸುತ್ತಿದ್ದ ರಾಗಿ ಮಿಲ್ಲಿನ ಹಿಂದೆ ಇರುವ ಮನೆಯಲ್ಲಿ ವಾಸವಾಗಿರುವ ದೇವಿರಮ್ಮ ನನಗೆ ಅಕ್ಷರ ಕಲಿಸಿದವರು. ತಾವು ಇದನ್ನು ಓದಿ 'ಇದು ವಾಕ್ಯವಲ್ಲ' ಎಂದು ಷರಾ ಬರೆದು, ಇಡೀ ಉತ್ತರಕ್ಕೆ ಸೊನ್ನೆ ಕೊಟ್ಟು, ಕರುಣೆಯಿಂದ ಒಂದು ತಿದ್ದುಪಡಿಯನ್ನೂ ಸೂಚಿಸಿದಿರಿ: 'ಒಬ್ಬ ಹೆಂಗಸು ನನಗೆ ಕಲಿಸಿದಳು.'

ಮಹಾಸ್ವಾಮಿ, ಯಾವ ಹೆಂಗಸು? ನಾಗಶ್ರೀ ತಮ್ಮ ತಿದ್ದುಪಡಿಯನ್ನು ದೇವಿರಮ್ಮನವರಿಗೇ ಓದಿ ಹೇಳಿದಾಗ, ಹುಣಸೆಹಣ್ಣು ಬಿಡಿಸುತ್ತಿದ್ದ ಆ ತಾಯಿ ಕೈ ನಿಲ್ಲಿಸದೆ, "ಬರೀ ದೇವಿರಮ್ಮ ಅಂದ್ರೇನೆ ಯಾರ್ಗೂ ಗೊತ್ತಾಗಕಿಲ್ಲ ಕಣವ್ವ, ಊರಲ್ಲಿ ನಾಕ್ ಜನ ಅವ್ರೆ. ಇನ್ನು ಬರೀ ಎಂಗ್ಸು ಅಂದ್ರೆ ನಾನ್ ಎಲ್ಲಿಗೋದೆ?" ಎಂದು ಕೇಳಿದರಂತೆ. ಅದೂ ಅಲ್ಲದೆ, ಮಿಲ್ಲಿನ ಬಗ್ಗೆ ಬರೆದು ಅದರ ಪಕ್ಕದ ಕಾಳು ತುಂಬುವ ತೊಂಬೆ ಪಟ್ಟಲಮ್ಮನದು ಎಂದು ಯಾಕೆ ಬರೆಯಲಿಲ್ಲವೆಂದು ಅದೇ ಊರಿನ ಪಟ್ಟಲಮ್ಮನವರು ಒಂದು ವಾರದಿಂದ ನಾಗಶ್ರೀಯ ಹತ್ತಿರ ಮಾತು ಬಿಟ್ಟಿದ್ದಾರೆ. ತಮಗೆ ಉದ್ದವಾಗಿ ಕಂಡ ವಾಕ್ಯ ಊರಿಗೆ ಗಿಡ್ಡವಾಗಿ ಕಂಡಿದೆ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನಮ್ಮ ಕಡೆ ಮನುಷ್ಯರನ್ನು ಹೆಸರಿನಿಂದ ಗುರುತು ಹಿಡಿಯುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಜಾಗ ಕೊಟ್ಟವರು ಕೂಡ ಯಾವೂರು, ಯಾರ ಮನೆ, ಅವರಿಗೆ ನೀನು ಏನಾಗಬೇಕು ಎಂದು ಕೇಳಿದ ಮೇಲೆಯೇ ಸರಿಯಾಗಿ ಕೂರುವುದು. ನಮ್ಮ ಮದುವೆಯ ಆಮಂತ್ರಣ ಪತ್ರಿಕೆಯೊಂದನ್ನು ತಾವು ದಯಮಾಡಿ ಓದಬೇಕು. ಅದನ್ನೂ ತಮ್ಮ ಲೆಕ್ಕದಂತೆ ಮೂರು ಹಂತಕ್ಕೇ ಕತ್ತರಿಸಿದರೆ ಪತ್ರಿಕೆ ಅಜ್ಜಂದಿರಲ್ಲೇ ನಿಂತುಹೋಗಿ, ಗಂಡು ಛತ್ರಕ್ಕೆ ಬರುವುದೇ ಇಲ್ಲ.

ಈ ಮೂರು ಎಂಬ ಅಂಕಿಯ ವಿಷಯಕ್ಕೆ ಬಂದೆ, ಬರದೆ ವಿಧಿಯಿಲ್ಲ. ಉಪವಾಕ್ಯದೊಳಗೆ ನಾಮಪದ ಬರಬಹುದು, ಆ ನಾಮಪದದ ಬೆನ್ನಿಗೆ ಇನ್ನೊಂದು ಉಪವಾಕ್ಯ ಬರಬಹುದು ಎಂಬ ನಿಯಮವನ್ನು ತಮಗೆ ಕೊಟ್ಟಾಗ, ಎಲ್ಲಿಯಾದರೂ ನಿಲ್ಲಿಸದಿದ್ದರೆ ತಾವು ಸುತ್ತುತ್ತಲೇ ಇರುವಿರೆಂದು ನಿಯಮಗಳನ್ನು ಬರೆಯುತ್ತಿದ್ದ ಎಂಜಿನಿಯರ್ ವನಜಾ ಹೆದರಿದಳು. ಒಂದರೊಳಗೊಂದು ಎಷ್ಟು ಬರಬಹುದು ಸಾರ್ ಎಂದು ನನ್ನನ್ನು ಕೇಳಿದಳು. ನಾನು ಶಾಲೆಯ ಪಠ್ಯಪುಸ್ತಕ ತಿರುವಿ ನೋಡಿದೆ. ಎಲ್ಲೂ ಎರಡಕ್ಕಿಂತ ಹೆಚ್ಚಿರಲಿಲ್ಲ. ಧಾರಾಳವಾಗಿ ಒಂದು ಸೇರಿಸಿ, "ಮೂರು ಸಾಕು ಬುಡಮ್ಮ" ಎಂದೆ. ಮೂರು ದಾಟಿದ್ದು ವಾಕ್ಯವೇ ಅಲ್ಲ ಎಂದು ತಾವು ಕಲಿತದ್ದು ಹಾಗೆ; ನಾಗಶ್ರೀಯ ವಾಕ್ಯದಲ್ಲಿ ಐದಿದ್ದವು. ಆ ಸಂಜೆಯೇ ಮದ್ದೂರಿನ ಛತ್ರವೊಂದರಲ್ಲಿ ನನ್ನ ಷಡ್ಡಕನನ್ನು ಯಾರಿಗೋ ಪರಿಚಯಿಸುವಾಗ ಒಂದೇ ವಾಕ್ಯದಲ್ಲಿ ಏಳು ಮನೆ, ಎರಡು ಊರು, ಒಂದು ಬಾವಿ ದಾಟಿ ಬಂದಿದ್ದೆ. ಇಂಗ್ಲಿಷ್ ಎಂದ ಕೂಡಲೇ ನಾನು ನಮ್ಮ ಜನರನ್ನು ಮರೆತು ಪುಸ್ತಕ ತೆರೆಯುವವನು. ಮೂವತ್ತೊಂದು ವರ್ಷ ಅದನ್ನೇ ಮಾಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಾಗಶ್ರೀ ಅಂಕಪಟ್ಟಿ ಹಿಡಿದು ನಮ್ಮ ಮನೆಗೆ ಬಂದಾಗ ಬೈಯಲಿಲ್ಲ. "ಸಾ, ನೀವೂ ಸೇರ್ಕೊಂಡು ಮಾಡಿದ್ ಮಿಷಿನ್ನಂತೆ, ದಿಟವಾ?" ಎಂದು ಮಾತ್ರ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳು. ತಾವು ಒಮ್ಮೆ ಮದ್ದೂರಿನಿಂದ ಮಳವಳ್ಳಿಗೆ ಖಾಸಗಿ ಬಸ್ಸಿನಲ್ಲಿ ನಿಂತುಕೊಂಡು ಪ್ರಯಾಣ ಮಾಡಬೇಕು. ತಮ್ಮನ್ನು ಯಾರಾದರೂ ವಿಚಾರಿಸಿದಾಗ ಆವೃತ್ತಿಯ ಸಂಖ್ಯೆ ಹೇಳದೆ, ತಾವು ಯಾರ ಕಡೆಯವರು ಎಂದು ಹೇಳಬೇಕು. ಅಲ್ಲಿಂದ ಬೆಸಗರಹಳ್ಳಿಗೆ ಬಂದು ದೇವಿರಮ್ಮನವರ ಮುಂದೆ ಕೂತು ಹುಣಸೆಹಣ್ಣು ಬಿಡಿಸುತ್ತಾ, ಅವರು ಹೇಳುವ ಒಂದೇ ಒಂದು ವಾಕ್ಯಕ್ಕೆ ಮರ ಬರೆಯಬೇಕು. ಪುಟ ಸಾಲದಿದ್ದರೆ ಅಂಗಳವಿದೆ. ಇದಾವುದೂ ಕೈಲಾಗದಿದ್ದರೆ, ಆಕ್ಷೇಪಣೆಯ ಕೊನೆಯ ದಿನವಾದ ಶುಕ್ರವಾರದೊಳಗೆ ಆ ಹುಡುಗಿಯ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಇಷ್ಟೆಲ್ಲ ಆದರೂ ಇನ್ನೂ ಸಿಟ್ಟು ಪೂರ್ತಿ ಮಾಡಿಕೊಳ್ಳದ,

ತಮ್ಮ ವಿಶ್ವಾಸಿ,
ಮರಿಸಿದ್ದಯ್ಯ
ಗುತ್ತಲು, ಮಂಡ್ಯ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ವನಜಾ ಫೋನ್ ಮಾಡಿದಳು. ನಾಗಶ್ರೀ ಹಾಕಿದ್ದ ಆಕ್ಷೇಪಣೆ ನೋಡಿ ತಾನು ಮೂರನ್ನು ಎಂಟು ಮಾಡಿದ ಕೂಡಲೇ ತಾವು ಆ ವಾಕ್ಯಕ್ಕೆ ಅರೆಗಳಿಗೆಯಲ್ಲಿ ಮರ ಬರೆದು ಪೂರ್ತಿ ಅಂಕ ಕೊಟ್ಟಿರಂತೆ. ನಾಗಶ್ರೀಯ ಕೆಲಸ ಉಳಿಯಿತು, ತಮಗೆ ಅಭಿನಂದನೆಗಳು. ಆದರೆ ಅದೇ ಕಾರಣಕ್ಕೆ ತಾವು ಸೊನ್ನೆ ಸುತ್ತಿದವರು ಇನ್ನೂ ನಲವತ್ತೊಂದು ಜನರಿದ್ದಾರಂತೆ. ಆಕ್ಷೇಪಣೆ ಹಾಕದವರ ಉತ್ತರವನ್ನು ಮತ್ತೆ ನೋಡಲು ನಿಯಮವಿಲ್ಲವಂತೆ. ತಮಗೆ ಆ ಮೂರನ್ನು ಕಲಿಸಿದ ಮೇಷ್ಟ್ರ ಮನೆ ಗುತ್ತಲಿನಲ್ಲಿದೆ ಎಂದು ಅವರಿಗೆ ಗೊತ್ತಿಲ್ಲ. ನಾನೇ ಹುಡುಕಿಕೊಂಡು ಹೋಗಿ ಆಕ್ಷೇಪಣೆ ಹಾಕಿರೆಂದು ಹೇಳೋಣವೆಂದು ಪಟ್ಟಿ ಕೇಳಿದೆ. ತಾವು ಕಳಿಸಿದ್ದು ನಲವತ್ತೊಂದು ನೋಂದಣಿ ಸಂಖ್ಯೆ, ಬೇರೇನೂ ಇಲ್ಲ. ಶುಕ್ರವಾರಕ್ಕೆ ಇನ್ನು ಎರಡೇ ದಿನವಿದೆ. ಯಾವ ಊರಿಗೆ ಹೋಗಿ, ಯಾರ ಮನೆ ಬಾಗಿಲು ತಟ್ಟಲಿ, ಸ್ವಾಮಿ?