ನನ್ನ ಕಾಯಿಲ್‌ಗೆ ನಾನೇ ಕೊಟ್ಟ ಪೂರ್ತಿ ಮಾರ್ಕು

"ಹೊಸದು ಯಾಕೆ ತರಿಸ್ಬೇಕು? ನಾನಿನ್ನೂ ಬದುಕಿದ್ದೀನಿ!" ಎಂದು ಎದೆ ತಟ್ಟಿಕೊಂಡೆ.

ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು ಹೊಸ ತಂತಿ ಸುತ್ತಿ ಜೀವ ಕೊಡುವುದೇ ನನ್ನ ಕಸುಬು. ಓದಿದ್ದು ಏಳನೇ ಕ್ಲಾಸು, ಬೀದಿಯವರು ಇಟ್ಟ ಬಿರುದು 'ಶಾರ್ಟ್ ಸರ್ಕ್ಯೂಟ್'. ಬಿರುದು ಮೋಟಾರಿನ ಕಾರಣಕ್ಕೆ ಬಂದದ್ದಲ್ಲ, ಮೂಗಿನ ತುದಿಯ ಕೋಪಕ್ಕೆ. ಅಂಥ ನನ್ನ ಮನೆಯಲ್ಲೇ, ನನ್ನ ಹೆಂಡತಿಯ ಹೊಲಿಗೆ ಮೆಷಿನ್ನಿಗೆ ಕರೆಂಟು ಕೊಡುವ ಡಬ್ಬಿ ಸುಟ್ಟುಹೋಗುವುದೆಂದರೇನು!

ಸುಟ್ಟ ಮುಹೂರ್ತವೂ ಎಂಥದ್ದು! ಶಾಲೆಯ ನಾಟಕಕ್ಕೆ ರಂಗದ ಪರದೆ ಹೊಲಿದುಕೊಡುವೆನೆಂದು ಆಕೆ ಮಾತು ಕೊಟ್ಟಿದ್ದಳು. ಮರುದಿನ ಸಂಜೆಯೇ ನಾಟಕ. ಅರ್ಧ ಹೊಲಿದ ಕೆಂಪು ಪರದೆ ಸೋಫಾ ಹತ್ತಿ, ಊಟದ ಮೇಜು ದಾಟಿ, ಅಡುಗೆಮನೆ ಬಾಗಿಲವರೆಗೆ ಮಲಗಿತ್ತು.

"ರೀ, ವೇಷ ಹಾಕ್ಕೊಂಡು ನಿಂತ ಮಕ್ಕಳಿಗೆ ಪರದೆ ಇಲ್ಲ ಅಂತ ನಾನು ಹೇಗೆ ಹೇಳ್ಲಿ?"

"ಹೇಳೋದೇ ಬೇಡ. ನಾಳೆ ಬೆಳಗ್ಗೆ ಮೆಷಿನ್ ಓಡತ್ತೆ!"

ಆ ಬೆಳಗ್ಗೆಯೇ ಡಬ್ಬಿ ಬಿಚ್ಚಿದೆ. ಒಳಗಿನ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಕರಕಲಾಗಿತ್ತು. ಬೆಂಕಿಪೊಟ್ಟಣದಷ್ಟು ದೇಹ, ಒಳಗೆ ಎರಡು ಕಾಯಿಲ್, ಅಂದರೆ ತಂತಿಯ ಸುರುಳಿ. ಒಂದು ಕಾಯಿಲ್ ಕರೆಂಟು ನುಂಗಿ ಹಿಡಿದುಕೊಂಡಿದ್ದು, ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್ ಆಫ್ ಆದ ಕೂಡಲೇ ಇನ್ನೊಂದು ಕಾಯಿಲ್‌ಗೆ ದಾಟಿಸುತ್ತದೆ. ಅಷ್ಟೇ ತಾನೆ? ತಂತಿ ತೆಗೆದೆ.

ಅಷ್ಟರಲ್ಲಿ ಇಂಜಿನಿಯರಿಂಗ್ ಓದುವ ಮಗಳು ಲ್ಯಾಪ್‌ಟಾಪ್ ಹೊತ್ತು ತಂದಳು. "ಅಪ್ಪಾ, ಸುತ್ತೋ ಮುಂಚೆ ಸಾಫ್ಟ್‌ವೇರಲ್ಲಿ ಓಡಿಸಿ ನೋಡೋಣ. ಇಲ್ಲಿ ಏನು ಸುಟ್ಟರೂ ಖರ್ಚಿಲ್ಲ."

"ನಾನು ಸುತ್ತಿದ್ದು ಯಾಕೆ ಸುಡತ್ತೆ?"

"ಸುಟ್ಟರೆ ಅಂದೆ."

ತೆರೆಯ ಮೇಲೆ ಸರ್ಕ್ಯೂಟ್ ಬರೆದಳು. ಎರಡು ಕಾಯಿಲ್ ಇಟ್ಟಳು. ಆಮೇಲೆ ಕೇಳಿದಳು, "ಕಪ್ಲಿಂಗ್ ಎಷ್ಟು ಹಾಕ್ಲಿ? ಎರಡೂ ಎಷ್ಟರ ಮಟ್ಟಿಗೆ ಹೊಂದ್ಕೊಂಡಿವೆ ಅಂತ. ಪಾಯಿಂಟ್ ಒಂಬತ್ತೆಂಟು ಹಾಕ್ಲಾ?"

"ಅಂದ್ರೆ ನೂರಕ್ಕೆ ತೊಂಬತ್ತೆಂಟು? ಉಳಿದೆರಡು ಎಲ್ಲಿ ಹೋಯ್ತು?"

"ಲೀಕ್ ಆಗತ್ತೆ."

ಲೀಕ್! ಪಿತ್ತ ನೆತ್ತಿಗೇರಿತು. "ಲೀಕ್ ಆಗೋಕೆ ಅದೇನು ನಲ್ಲೀನಾ? ಒಂದು ಹಾಕು! ಪೂರ್ತಿ ಒಂದು!"

"ಪೂರ್ತಿ ಒಂದು ಅನ್ನೋದು ಪ್ರಪಂಚದಲ್ಲೇ ಇಲ್ಲ ಅಪ್ಪಾ."

"ಈ ಮನೇಲಿದೆ!"

ಹೀಗೆ, ಯಾವ ಮೇಷ್ಟ್ರೂ ನನಗೆ ಕೊಡದಿದ್ದ ಪೂರ್ತಿ ಮಾರ್ಕನ್ನು ನನಗೆ ನಾನೇ ಕೊಟ್ಟುಕೊಂಡೆ.

'ರನ್' ಒತ್ತಿದರೆ ಆ ಲ್ಯಾಪ್‌ಟಾಪ್ ತೆವಳತೊಡಗಿತು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕರೆಂಟನ್ನು ಲೆಕ್ಕ ಹಾಕಲು ಅದಕ್ಕೆ ಇಡೀ ಬೆಳಗು ಬೇಕಾಯಿತು! ಮೇಜು ಗುದ್ದಿ ಬೈದೆ.

"ಬೈದ್ರೆ ಬೇಗ ಓಡತ್ತಾ?" ಪರದೆಯ ನಡುವಿನಿಂದ ಹೆಂಡತಿ ಕೇಳಿದಳು. "ನನಗೆ ಇಷ್ಟು ವರ್ಷ ಬೈದ್ರಲ್ಲ, ನಾನು ಓಡಿದ್ನಾ?"

ಕೊನೆಗೆ ಬಂತು ನೋಡಿ ಗೆರೆ! ಡಬ್ಬಿ ಕೊಡಬೇಕಾದ ಇಪ್ಪತ್ನಾಲ್ಕು ವೋಲ್ಟು, ಸ್ಕೇಲಿಟ್ಟು ಎಳೆದಂತೆ! ಗೆದ್ದ ಮದದಲ್ಲಿ ಸರ್ಕ್ಯೂಟಿನ ಮೂಲೆಯ ಮೂರು ಪುಟ್ಟ ಪಾರ್ಟುಗಳ ಮೇಲೆ ಕಣ್ಣು ಬಿತ್ತು.

"ಇವೇನು ಬಿಟ್ಟಿ ಕೂತಿವೆ?"

"ಅದು ಸ್ನಬ್ಬರ್ ಅಪ್ಪಾ. ಇರ್ಲಿ."

"ಅಳಿಸು, ನೋಡೋಣ."

ಅಳಿಸಿದಳು. ಗೆರೆ ಕದಲಲಿಲ್ಲ! ಕೆಲಸಗಳ್ಳರು ಸಿಕ್ಕಿಬಿದ್ದರು! ನಿಜವಾದ ಬೋರ್ಡಿನಿಂದಲೂ ಮೂವರನ್ನೂ ಕಿತ್ತು ಎಸೆದೆ.

"ಅಪ್ಪಾ, ಬೇಡ!"

"ಲ್ಯಾಪ್‌ಟಾಪ್ ನಿಂದು. ಅದೇ ಹೇಳ್ತಿದೆಯಲ್ಲ!"

"ನೀನು ಹೇಳಿಸಿದ್ದನ್ನ ಅದು ಹೇಳ್ತಿದೆ."

ಮಧ್ಯಾಹ್ನದ ಊಟವನ್ನೂ ಬಿಟ್ಟು ಕಾಯಿಲ್ ಸುತ್ತಿದೆ, ಬೆಸುಗೆ ಹಾಕಿದೆ. ಹೆಂಡತಿಯನ್ನೂ ಮಗಳನ್ನೂ ಸಾಕ್ಷಿಗೆ ನಿಲ್ಲಿಸಿ, ಯುದ್ಧ ಗೆದ್ದ ಸೇನಾಪತಿಯ ಗತ್ತಿನಲ್ಲಿ ಸ್ವಿಚ್ ಒತ್ತಿದೆ.

ಟಪ್!

ಟ್ರಾನ್ಸಿಸ್ಟರ್ ಎರಡು ಹೋಳು. ಮನೆಯ ಫ್ಯೂಸು ಹಾರಿ ಫ್ಯಾನು ನಿಂತಿತು. ಫ್ರಿಜ್ಜು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ನನ್ನ ಹುಬ್ಬಿನ ಅಂಚಿನಿಂದ ಸಣ್ಣ ಹೊಗೆ.

"ನಿಜವಾಗ್ಲೂ ಸುಟ್ಟಿತಾ, ಇಲ್ಲ ಇದೂ ಸಿಮ್ಯುಲೇಷನ್ನಾ?" ಎಂದಳು ಹೆಂಡತಿ. ದನಿಯಲ್ಲಿ ನಗು ಇರಲಿಲ್ಲ. ಪರದೆಯ ಅಂಚನ್ನು ಸುಮ್ಮನೆ ಸವರುತ್ತಿದ್ದಳು. ಕೋಪಿಷ್ಠನಾದ ನಾನು ಆಕೆಯ ಬೈಗುಳ ತಡೆಯಬಲ್ಲೆ, ಆ ಸವರುವಿಕೆಯನ್ನು ತಡೆಯಲಾಗಲಿಲ್ಲ.

"ಮಗಳೇ," ಎಂದೆ, ಎಂದೂ ಬಾರದ ದನಿಯಲ್ಲಿ, "ಆ ತೊಂಬತ್ತೆಂಟು ಹಾಕು."

ಹಾಕಿದಳು. ಲ್ಯಾಪ್‌ಟಾಪ್ ಮತ್ತೆ ಸಂಜೆಯವರೆಗೆ ತೆವಳಿತು. ಈ ಸಲ ಟ್ರಾನ್ಸಿಸ್ಟರಿನ ಗೆರೆ ರಾಕೆಟ್ಟಿನಂತೆ ತೆರೆಯ ನೆತ್ತಿ ಒಡೆದು ಹೋಯಿತು! "ನೋಡಪ್ಪಾ, ಇನ್ನೊಂದು ಕಾಯಿಲ್‌ಗೆ ದಾಟದೆ ಉಳಿದ ಶಕ್ತಿ ಇದು. ದಾರಿ ಸಿಗದೆ ಟ್ರಾನ್ಸಿಸ್ಟರ್ ಮೇಲೆ ಎರಗತ್ತೆ. ಆ ಮೂರು ಪಾರ್ಟು ಇದನ್ನ ಕುಡಿದು, ತಾವು ಬಿಸಿಯಾಗಿ, ಉಳಿದವರ ಜೀವ ಉಳಿಸ್ತವೆ."

ಎಸೆದ ಕೆಲಸಗಳ್ಳರಿಗಾಗಿ ನಾವು ಮೂವರೂ ಮಂಡಿಯೂರಿ ಕೆಂಪು ಪರದೆಯ ಮಡಿಕೆ ಮಡಿಕೆ ತಡಕಿದೆವು. ಇಬ್ಬರು ಬೇಗ ಸಿಕ್ಕರು. ಮೂರನೆಯವನು ಹೆಂಡತಿಯ ಸೆರಗಿಗೇ ಸಿಕ್ಕಿಹಾಕಿಕೊಂಡಿದ್ದ! ನನ್ನ ಅಂಗಡಿಗೆ ಓಡಿ ಗುಜರಿಯಿಂದ ಅಂಥದ್ದೇ ಟ್ರಾನ್ಸಿಸ್ಟರ್, ಒಂದು ಫ್ಯೂಸು ತಂದೆ. ಎಲ್ಲವನ್ನೂ ಮರಳಿ ಕೂರಿಸಿ, ಕಣ್ಣು ಮುಚ್ಚಿಕೊಂಡು ಸ್ವಿಚ್ ಒತ್ತಿದೆ.

ಮೆಷಿನ್ನು ಗುರ್ ಎಂದಿತು! ಹೆಂಡತಿಯ ಕೈಯಡಿ ಪರದೆ ಹರಿಯತೊಡಗಿತು. ಅದರ ಇನ್ನೊಂದು ತುದಿಯನ್ನು ಹೆಗಲ ಮೇಲೆ ಹೊತ್ತು ನಿಂತವನು ನಾನೇ.

ಮಗಳ ಬಾಯಿ ಸುಮ್ಮನಿರಬೇಕಲ್ಲ! "ಅಪ್ಪಾ, ನಿನ್ನದೂ ಅಮ್ಮಂದೂ ಕಪ್ಲಿಂಗ್ ಎಷ್ಟು ಹಾಕ್ಲಿ?"

"ಒಂ—" ಎನ್ನುವಷ್ಟರಲ್ಲಿ ಹೆಂಡತಿ ಮೆಷಿನ್ನನ್ನು ಗಕ್ಕನೆ ನಿಲ್ಲಿಸಿದಳು. "...ಪಾಯಿಂಟ್ ಒಂಬತ್ತೆಂಟು" ಎಂದೆ.

"ಉಳಿದೆರಡು ಇವರ ಕೋಪ ಕಣೇ," ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ. "ಮದುವೆಯಾದಾಗಿಂದ ಅದನ್ನ ಕುಡ್ಕೊಂಡು ಬಿಸಿಯಾಗಿ ಕೂತಿರೋ ಪಾರ್ಟು ನಾನು. ಬಿಟ್ಟಿ ಕೂತಿದಾಳೆ ಅಂತ ಕಿತ್ತು ನೋಡೋಕೆ ಹೇಳು, ಟಪ್ ಅನ್ನೋದು ಯಾರು ಅಂತ ಗೊತ್ತಾಗತ್ತೆ!"