ಮಾವನ ಆಂಪ್ಲಿಫೈಯರಿನ ಎಡಗಡೆ

ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಗಂಡಸಿಗೆ ಲೋಕದಲ್ಲಿ ಸರಿಯಾಗಿರುವ ವಸ್ತು ಒಂದೂ ಕಾಣುವುದಿಲ್ಲ. ಇದನ್ನು ನಾನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ. ಮದುವೆಯಾದ ಹೊಸತರಲ್ಲಿ ಮಾಲೂರಿನ ನಮ್ಮ ಬಾಡಿಗೆ ಮನೆಯಲ್ಲಿ ನಾನು ಬಿಚ್ಚದೆ ಬಿಟ್ಟ ಸಾಮಾನೆಂದರೆ ರುಬ್ಬುವ ಕಲ್ಲು ಮಾತ್ರ. ಅದಕ್ಕೆ ಸ್ಕ್ರೂ ಇರಲಿಲ್ಲ. ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು, ಗೋಡೆ ಗಡಿಯಾರ ಎಲ್ಲವೂ ನನ್ನ ಕೈಯಲ್ಲಿ ಬಿಚ್ಚಿಕೊಂಡು, ಮತ್ತೆ ಸೇರಿಕೊಂಡು, ಪ್ರತಿ ಸಲವೂ ಒಂದೆರಡು ಸ್ಕ್ರೂಗಳನ್ನು ನನಗೆ ಉಳಿಸಿಕೊಟ್ಟಿದ್ದವು. ಉದ್ಯೋಗದಲ್ಲಿ ನಾನು ಹೆಂಚಿನ ಕಾರ್ಖಾನೆಯ ಗುಮಾಸ್ತ. ಆದರೆ ಅಂಚೆಯ ಮೂಲಕ ರೇಡಿಯೋ ರಿಪೇರಿ ಕಲಿಸುವ ಕೋರ್ಸೊಂದನ್ನು ಅರ್ಧದವರೆಗೆ ಓದಿದ್ದೆ. ಪೂರ್ತಿ ಓದಿದವರಿಗೆ ಅನುಮಾನಗಳು ಬರುತ್ತವಂತೆ. ನನಗೆ ಧೈರ್ಯ ಮಾತ್ರ ಬಂದಿತ್ತು.

ಇಂಥವನ ಮನೆಗೆ ಮಾವನವರು ತಮ್ಮ ಹಳೆಯ ಸ್ಟೀರಿಯೋ ಆಂಪ್ಲಿಫೈಯರನ್ನು ಕಳಿಸಿಕೊಟ್ಟರು. ಮಾವ ಮುಳಬಾಗಿಲು ಕಡೆಯ ದೇವರಾಯಸಮುದ್ರದವರು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ಚಿನ್ನದ ಗಣಿಯಲ್ಲಿದ್ದ ಎಂಜಿನಿಯರೊಬ್ಬರು ಊರು ಬಿಟ್ಟು ಹೋಗುವಾಗ ಮಾರಿದ ಸಾಮಾನುಗಳಲ್ಲಿ ಇದನ್ನು ಆಸೆಪಟ್ಟು ಕೊಂಡಿದ್ದರು. ಒಳಗೆ ಕೆಂಪಗೆ ಉರಿಯುವ ಗಾಜಿನ ವಾಲ್ವುಗಳು, ಮುಂದೆ ದಪ್ಪ ದಪ್ಪ ನಾಬುಗಳು, ಜೊತೆಗೊಂದು ರೆಕಾರ್ಡ್ ಪ್ಲೇಯರು, ಎಡಕ್ಕೊಂದು ಬಲಕ್ಕೊಂದು ಮರದ ಪೆಟ್ಟಿಗೆಯ ಸ್ಪೀಕರು. ನಡುಮನೆಯಲ್ಲಿ ಅದು ನಾದಸ್ವರ ಊದತೊಡಗಿದರೆ ಹುಳು ಸೊಪ್ಪು ಮುಟ್ಟುವುದಿಲ್ಲವೆಂದು ಅತ್ತೆಯವರ ದೂರು. ಹುಳುವೋ ಸಂಗೀತವೋ ಎಂಬ ಪ್ರಶ್ನೆ ಬಂದಾಗ ಹುಳು ಗೆದ್ದಿತು. ಆಂಪ್ಲಿಫೈಯರು ಒಣಹುಲ್ಲು ಸುತ್ತಿಸಿಕೊಂಡು, ತರಕಾರಿ ಲಾರಿಯಲ್ಲಿ ಎಲೆಕೋಸಿನ ಮೂಟೆಗಳ ನಡುವೆ ಕೂತು ಅಳಿಯನ ಮನೆಗೆ ಬಂತು.

ಬರುವಾಗಲೇ ಅದಕ್ಕೆ ಕಾಯಿಲೆಗಳಿದ್ದವು. ನನಗದು ಸಂತೋಷದ ಸಂಗತಿ. ಮೊದಲನೆಯದು, ಹಾಡಿನ ಹಿಂದೆ ಗುಂಯ್ ಎಂದು ಸದಾ ಕೇಳುವ ಸದ್ದು. ನೋಡಿದರೆ ಪ್ಲೇಯರಿನಿಂದ ಬರುವ ತಂತಿಯೂ ಕರೆಂಟಿನ ವೈರೂ ಒಂದಕ್ಕೊಂದು ಸುತ್ತಿಕೊಂಡು ಬಿದ್ದಿದ್ದವು. ಬೇರೆ ಮಾಡಿ, ಸಡಿಲವಾಗಿದ್ದ ಅರ್ತ್ ವೈರನ್ನು ಬಿಗಿದೆ; ನಿಂತಿತು. ಎರಡನೆಯದು, ವಾಲ್ಯೂಮ್ ತಿರುಗಿಸಿದಾಗಲೆಲ್ಲ ಹಪ್ಪಳ ಮುರಿದಂತೆ ಕರಕರ. ಪ್ಲಗ್ ಕಿತ್ತು, ತಳ ಬಿಚ್ಚಿ, ವಾಲ್ಯೂಮ್ ಕಂಟ್ರೋಲಿನೊಳಕ್ಕೆ ಒಂದು ಹನಿ ಸ್ಪಿರಿಟ್ ಬಿಟ್ಟು ಹಿಂದಕ್ಕೂ ಮುಂದಕ್ಕೂ ತಿರುಗಿಸಿದೆ; ಕರಕರವೂ ಹೋಯಿತು. ಪ್ಲಗ್ ಕಿತ್ತ ಮೇಲೂ ಇಂಥ ಯಂತ್ರ ಹೊಟ್ಟೆಯೊಳಗೆ ಕರೆಂಟು ಇಟ್ಟುಕೊಂಡಿರುತ್ತದೆಂಬ ಪಾಠ ನಾನು ಓದದ ಅರ್ಧದಲ್ಲಿತ್ತೆಂದು ಕಾಣುತ್ತದೆ. ಕೈ ತಗುಲಿ, ನಾನು ಎದುರು ಗೋಡೆಗೆ ಹೋಗಿ ಕೂತದ್ದನ್ನು ನೋಡಿ ನನ್ನ ಹೆಂಡತಿ ಸರೋಜ, "ಯಾಕ್ರೀ, ಅಲ್ಲೋಗಿ ಕೂತ್ರಿ?" ಎಂದಳು. "ಇಲ್ಲಿಂದ ಪೂರ್ತಿ ಕಾಣುತ್ತೆ," ಎಂದೆ.

ಆಮೇಲೆ ಶುರುವಾಯಿತು ಮೂರನೆಯ ಕಾಯಿಲೆ. ಸ್ಪೀಕರುಗಳ ಎದುರಿಗೆ, ಎರಡಕ್ಕೂ ನಡುವೆ ಕುರ್ಚಿ ಹಾಕಿಕೊಂಡು ಕೂತರೆ ವಾದ್ಯಗಳೆಲ್ಲ ಬಲಗಡೆಗೆ ವಾಲುತ್ತಿದ್ದವು. ಎಡಗಡೆಯವರು ಕಂಬಳಿ ಹೊದ್ದುಕೊಂಡು ಊದಿದ ಹಾಗೆ. ಎಡಗಡೆಯ ವಾಲ್ವುಗಳನ್ನು ಬಲಕ್ಕೆ ಹಾಕಿದೆ, ಎಡಗಡೆಯೇ ಮಂದ. ಸ್ಪೀಕರುಗಳ ಜಾಗ ಬದಲಾಯಿಸಿದೆ, ಮಂದ. ಪ್ಲೇಯರಿನ ತಂತಿಗಳನ್ನು ಅದಲು ಬದಲು ಮಾಡಿದೆ, ಮತ್ತೆ ಎಡಗಡೆಯೇ. ಕೋರ್ಸಿನ ಪಾಠದ ಪ್ರಕಾರ, ಯಾವುದನ್ನು ಬದಲಾಯಿಸಿದಾಗ ದೋಷ ಈ ಕಡೆಯಿಂದ ಆ ಕಡೆಗೆ ಹೋಗುತ್ತದೋ ಅದೇ ಕಳ್ಳ. ಇಲ್ಲಿ ಏನು ಬದಲಾಯಿಸಿದರೂ ಕಳ್ಳ ಎಡಗಡೆ ಬಿಟ್ಟು ಕದಲಲಿಲ್ಲ. "ನಂಗೆ ಎರಡೂ ಒಂದೇ ಥರ ಕೇಳ್ಸುತ್ತಲ್ಲ," ಎಂದಳು ಸರೋಜ. ಸಂಗೀತ ಕೇಳುವುದಕ್ಕೆ ಕಿವಿಗೆ ಸ್ವಲ್ಪ ಸಂಸ್ಕಾರ ಬೇಕಾಗುತ್ತದೆಂದು ಅವಳಿಗೆ ತಿಳಿಸಿ ಹೇಳಿದೆ. ಅವಳು ಅಷ್ಟಕ್ಕೆ ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ಒಂದು ಭಾನುವಾರ ತಾಳ್ಮೆ ಕೆಟ್ಟು, ಊಟಕ್ಕೆ ಬಂದಿದ್ದ ಅವಳ ತಮ್ಮನ ಎದುರಿಗೇ, "ಒಂದು ಕಡೆ ಸತ್ತಿರೋದನ್ನ ನೋಡೇ ನಿಮ್ಮಪ್ಪ ಇಲ್ಲಿಗೆ ಸಾಗಹಾಕಿದ್ದಾರೆ," ಎಂದುಬಿಟ್ಟೆ. ತಮ್ಮ ಮಜ್ಜಿಗೆ ಕುಡಿದು ಕೈತೊಳೆದು ಹೊರಟ. ಮಾರನೆಯ ಬೆಳಿಗ್ಗೆ ಮಾವ ಬಂದಿಳಿದರು.

ಅವರ ಕೈಯಲ್ಲೊಂದು ಹಗ್ಗದ ಸುರುಳಿ ಇತ್ತು. ಕಾಫಿ ಬೇಡವೆಂದರು. "ಅಳಿಯಂದ್ರೆ, ಕೆಟ್ಟಿದ್ರೆ ಕಟ್ಕೊಂಡು ವಾಪಸ್ ತಗೊಂಡೋಗ್ತೀನಿ. ಮಗಳ ಮನೆಗೆ ಕೆಟ್ಟ ಸಾಮಾನು ಕಳ್ಸಿದ ಅನ್ನೋ ಮಾತು ನಂಗೆ ಬ್ಯಾಡ." ದನಿ ಮೆತ್ತಗಿತ್ತು. ಅದಕ್ಕೇ ನನಗೆ ಹೆದರಿಕೆಯಾದದ್ದು. ಒಳಗಿನಿಂದ ಸರೋಜ ಅಪ್ಪನಿಗೆ, "ನಾಯ್ನಾ, ಅದರ ಜೊತೆ ನಾನೂ ಬರ್ತೀನಿ. ಹಗ್ಗ ಸಾಕಾಗುತ್ತೆ ತಾನೆ?" ಎಂದಳು. ಅವಳು ತಮಾಷೆಗೆ ಅಂದಳೆಂದು ಇವತ್ತಿಗೂ ನನಗೆ ಖಚಿತವಿಲ್ಲ.

ನಾದಸ್ವರದ ರೆಕಾರ್ಡ್ ಹಾಕಿದೆ. ಮಾವ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. "ಬಾಗಾನೇ ಉಂದಿ ಕದಯ್ಯಾ," ಎಂದು ತೆಲುಗಿನಲ್ಲಿ ಹೇಳಿ, ನಾನೆಲ್ಲಿ ತಿಳಿಯದವನಂತೆ ನಟಿಸುತ್ತೇನೋ ಎಂದು ಕನ್ನಡದಲ್ಲೂ ಹೇಳಿದರು: "ಚೆನ್ನಾಗೇ ಐತಲ್ಲ. ಎರಡು ಕಡೇನೂ ಸಮ." ನಾನು ಒಪ್ಪಲಿಲ್ಲ. ಅವರು ಎದ್ದು, ಸ್ಪೀಕರಿನ ಹಿಂಭಾಗ ನೋಡಲು ದಾರಿ ಮಾಡಿಕೊಳ್ಳುತ್ತ ಕುರ್ಚಿಯನ್ನು ಎಳೆದು ಬೀದಿಬಾಗಿಲ ಕಡೆಗೆ ತಿರುಗಿಸಿದ್ದರು. ವಾದದ ಬಿಸಿಯಲ್ಲಿ ನಾನು ಅದರಲ್ಲಿ ಹಾಗೇ, ಸ್ಪೀಕರುಗಳಿಗೆ ಬೆನ್ನು ಮಾಡಿಕೊಂಡು ಕೂತೆ. "ಸರಿಯಾಗಿ ಕೇಳಿ ಮಾವ. ಈ ಕಡೇದು ಸತ್ತೇ ಹೋಗಿದೆ," ಎಂದು ಎಡಗೈ ಚಾಚಿ ತೋರಿಸಿದೆ.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸರೋಜ, "ರೀ, ನೀವೀಗ ತೋರಿಸ್ತಿರೋದು ಇಷ್ಟು ದಿನ ಚೆನ್ನಾಗಿದೆ ಅಂತಿದ್ದ ಸ್ಪೀಕರು," ಎಂದಳು. ನಾನು ಕುರ್ಚಿ ತಿರುಗಿಸಿ ಕೂತೆ. ಸತ್ತದ್ದು ಬದುಕಿತು, ಬದುಕಿದ್ದದ್ದು ಸತ್ತಿತು. ಮತ್ತೆ ತಿರುಗಿದೆ, ಮತ್ತೆ ಅದೇ. ಅಷ್ಟೂ ದಿನ ನಾನು ಅದಲು ಬದಲು ಮಾಡದೆ ಬಿಟ್ಟಿದ್ದ ಭಾಗವೆಂದರೆ ನಾನೊಬ್ಬನೇ. ಮಾವ ಹತ್ತಿರ ಬಂದು ನನ್ನ ಎಡಕಿವಿಯ ಪಕ್ಕದಲ್ಲಿ ಬೆರಳಿಗೆ ಬೆರಳು ಉಜ್ಜಿ, "ಕೇಳ್ಸುತ್ತಾ?" ಎಂದರು. "ಏನು?" ಎಂದೆ. ಅವರು ಹಗ್ಗವನ್ನು ಮೂಲೆಗಿಟ್ಟು, ಮಗಳ ಕಡೆ ತಿರುಗಿ, "ಅಮ್ಮಯ್ಯಾ, ಈಗ ಕಾಫಿ ಮಾಡು," ಎಂದರು.

ಕೋಲಾರದ ಕಿವಿ ಡಾಕ್ಟರ ಹತ್ತಿರ ಮಾವನೇ ಕರೆದುಕೊಂಡು ಹೋದರು. ಬಸ್ಸಿನಲ್ಲಿ ನನ್ನ ಎಡಗಡೆ ಕೂತು ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದರು. ನಾನು ಎಲ್ಲಕ್ಕೂ ತಲೆಯಾಡಿಸುತ್ತಿದ್ದೆ. ಮುಂದಿನ ಬೆಳೆಗೆ ರಜೆ ಹಾಕಿ ಬಂದು ಹುಳು ಮೇಯಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದೆನೆಂಬುದು ಆಮೇಲೆ ತಿಳಿಯಿತು. ಡಾಕ್ಟರು ಕಿವಿಗೆ ಬೆಚ್ಚಗಿನ ನೀರು ಹೊಡೆದು, ಗುಗ್ಗೆಯ ಜೊತೆ ಹೊರಬಂದ ಕೆಂಪು ಕೆಸರನ್ನು ನೋಡಿ, "ಹೆಂಚಿನ ಕಾರ್ಖಾನೆನಾ?" ಎಂದರು. ಬಲಕಿವಿಯನ್ನೂ ನೋಡಲೇ ಎಂದು ಕೇಳಿದಾಗ, ಅದು ಬಹಳ ಚೆನ್ನಾಗಿದೆಯೆಂದು ಖಡಾಖಂಡಿತವಾಗಿ ಹೇಳಿದೆ. ಹೊರಗೆ ಬಂದರೆ ಕೋಲಾರ ಎಷ್ಟು ಗಲಾಟೆಯ ಊರೆಂದು ಮೊದಲ ಸಲ ಗೊತ್ತಾಯಿತು. "ತಪ್ಪಾಯ್ತು ಮಾವ. ಸಾಮಾನು ಚೆನ್ನಾಗೇ ಇತ್ತು," ಎಂದೆ. "ಅದು ನಂಗೊತ್ತಿತ್ತು. ಅಳಿಯನ್ನೂ ನೋಡೇ ತಂದಿದ್ದು. ಕಿವಿಯೊಂದು ನೋಡಿರ್ಲಿಲ್ಲ," ಎಂದು ನಕ್ಕರು.

ಮನೆಗೆ ಬಂದು, ಕುರ್ಚಿಯನ್ನು ಸರಿಯಾದ ಕಡೆಗೆ ತಿರುಗಿಸಿಕೊಂಡು, ಎಲ್ಲರೆದುರು ಅದೇ ರೆಕಾರ್ಡ್ ಹಾಕಿದೆ. ಎಡಗಡೆಯವರು ಕಂಬಳಿ ಕಿತ್ತೆಸೆದು ಎದ್ದು ನಿಂತರು. ಡೋಲಿನ ಪೆಟ್ಟು ಎದೆಗೇ ಬಿದ್ದಂತಾಯಿತು. ಎಷ್ಟು ಸೊಗಸಾಗಿತ್ತೆಂದರೆ, ವಾದ್ಯಗಳೆಲ್ಲ ಮೆಲ್ಲಗೆ ಎಡಗಡೆಗೆ ವಾಲುತ್ತಿವೆಯೆಂಬುದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು. ಈಗ ಬಲಗಡೆ ಮಂದ. "ಹೆಂಗೈತೆ ಅಳಿಯಂದ್ರೆ?" ಎಂದು ಮಾವ ಕೇಳಿದರು. "ಬ್ರಹ್ಮಾಂಡವಾಗಿದೆ ಮಾವ," ಎಂದೆ. ಮುಂದಿನ ವಾರ, ಕಾರ್ಖಾನೆಯ ಕೆಲಸದ ಮೇಲೆ ಕೋಲಾರಕ್ಕೆ ಹೋಗಿಬರಬೇಕೆಂದು ಸರೋಜಳಿಗೆ ಹೇಳಿ ಹೊರಟೆ. ಅವಳು ತಿಂಡಿಯ ಡಬ್ಬಿಯನ್ನು ಕೈಗಿಡುತ್ತ, ತಲೆ ಎತ್ತದೆ, ತೀರ ಮೆಲ್ಲಗೆ ಕೇಳಿದಳು: "ಬಲಗಡೇದಾ?" ಎಡಕಿವಿ ಆಗಷ್ಟೇ ಸರಿಹೋಗಿತ್ತು. ಕೇಳಿಸಲಿಲ್ಲ ಎನ್ನುವ ಹಾಗೂ ಇರಲಿಲ್ಲ.